ಕ್ಲಾಸಿಕಲ್, ಫ್ಲಮೆಂಕೊ ಗಿಟಾರ್‌ಗಳ ಆ್ಯಕ್ಷನ್: ನಾನು ಕೂಡಿಸುವ ಕ್ರಮ

ಆ್ಯಕ್ಷನ್, ಅಂದರೆ ಫ್ರೆಟ್‌ಗಳಿಂದ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳು) ತಂತಿ ಇರುವ ಎತ್ತರ, ಹೆಚ್ಚಾಯಿತು ಅನ್ನಿಸಿದರೆ ಹೆಚ್ಚಿನವರ ಕೈ ಮೊದಲು ಸ್ಯಾಡಲ್‌ಗೆ, ಅಂದರೆ ಬ್ರಿಜ್ ಮೇಲೆ ತಂತಿ ಕೂರುವ ಮೂಳೆಯ ಪಟ್ಟಿಗೆ, ಹೋಗುತ್ತದೆ. ನಾನು ಅದನ್ನು ಮುಟ್ಟುವುದು ಕೊನೆಗೆ. ಕೈಯಲ್ಲಿ ಕಟ್ಟಿದ ನೈಲಾನ್ ತಂತಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಟ್ರಸ್ ರಾಡ್ (ನೆಕ್‌ನ ಬಾಗನ್ನು ತಿದ್ದುವ ಒಳಗಿನ ಲೋಹದ ಸಲಾಕೆ) ಇರುವುದಿಲ್ಲ. ನೆಕ್‌ನ ಓರೆ, ಅದರ ಮೇಲೆ ಫ್ರೆಟ್ ಕೂರುವ ಹಲಗೆಯಾದ ಫಿಂಗರ್‌ಬೋರ್ಡ್‌ನ ದಪ್ಪ ಎರಡೂ ಕಟ್ಟುವಾಗಲೇ ತೀರ್ಮಾನವಾಗಿರುತ್ತವೆ. ಆ ಲೆಕ್ಕದಲ್ಲಿ ಉಳಿದದ್ದು ಸ್ಯಾಡಲ್ ಎತ್ತರ.

650 ಮಿಮೀ ಸ್ಕೇಲ್‌ಗೆ (ನುಡಿಯುವ ತಂತಿಯ ಉದ್ದ), 12ನೇ ಫ್ರೆಟ್‌ನ ತಲೆಯಿಂದ ತಂತಿಯ ಅಡಿಗೆ ನಾನು ಹಿಡಿಯುವ ಅಳತೆ ಇದು: ಕ್ಲಾಸಿಕಲ್‌ಗೆ 6ನೇ (ಮಂದ್ರದ) ತಂತಿ 4 ಮಿಮೀ, 1ನೇ (ತಾರದ) ತಂತಿ 3 ಮಿಮೀ. ಫ್ಲಮೆಂಕೊಗೆ 2.8 ಮತ್ತು 2.3. ಬ್ರಿಜ್ ಬಳಿ ಮೇಲ್ಹಲಗೆಯಿಂದ ತಂತಿ ಎಷ್ಟು ಮೇಲಿದೆ ಎಂಬುದೂ ಅಷ್ಟೇ ಮುಖ್ಯ. ಕ್ಲಾಸಿಕಲ್‌ನಲ್ಲಿ ಅದು 11 ಮಿಮೀ ಆಸುಪಾಸು ಇದ್ದರೆ ಸರಿ. ಫ್ಲಮೆಂಕೊದಲ್ಲಿ 8 ಮಿಮೀ ದಾಟಿದರೆ ರಸ್ಗೆಯಾಡೊ (ಬೆರಳುಗಳನ್ನು ಒಂದರ ಹಿಂದೊಂದು ಬಿಚ್ಚಿ ತಂತಿಗಳ ಮೇಲೆ ಹಾಯಿಸುವುದು), ಗೋಲ್ಪೆ (ಹಲಗೆಯನ್ನು ತಟ್ಟುವುದು) ನುಡಿಸುವ ಬಲಗೈ ಹಲಗೆಯಿಂದ ದೂರವಾಗಿ ತೊಡಕುತ್ತದೆ.

ಈ ಎರಡು ಅಳತೆಗಳು ಒಟ್ಟಿಗೆ ಕೂಡಿಬರಬೇಕಾದರೆ ಬ್ರಿಜ್ ಅಂಟಿಸುವ ಮೊದಲೇ ಲೆಕ್ಕ ಹಾಕಬೇಕು. ಫ್ರೆಟ್‌ಗಳ ಮೇಲೆ (ಇನ್ನೂ ಬಡಿದಿರದಿದ್ದರೆ ಫಿಂಗರ್‌ಬೋರ್ಡ್ ಮೇಲೆ, ಫ್ರೆಟ್‌ನ ಎತ್ತರ ಲೆಕ್ಕಕ್ಕೆ ಸೇರಿಸಿ) ಉದ್ದದ ನೇರಪಟ್ಟಿ ಇಟ್ಟು ಸ್ಯಾಡಲ್ ಬರುವ ಜಾಗದವರೆಗೆ ಚಾಚಿ, ಪಟ್ಟಿಯ ಅಡಿಗೂ ಹಲಗೆಗೂ ನಡುವಿನ ಅಂತರ ಅಳೆಯುತ್ತೇನೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿನ ಎತ್ತರದ ಎರಡು ಪಟ್ಟಿನಲ್ಲಿ ನಟ್ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಮೂಳೆಯ ಪಟ್ಟಿ) ಬಳಿಯ ಎತ್ತರ ಕಳೆದರೆ ಸ್ಯಾಡಲ್ ಬಳಿಯ ಎತ್ತರ ಸಿಗುತ್ತದೆ. ಫ್ಲಮೆಂಕೊದ 6ನೇ ತಂತಿಗೆ 2.8ರ ಎರಡು ಪಟ್ಟು 5.6, ಅದರಲ್ಲಿ ನಟ್‌ನ 0.4 ಹೋದರೆ 5.2 ಮಿಮೀ. ಹಲಗೆಯಿಂದ 8 ಮಿಮೀ ಬೇಕಿದ್ದರೆ ಪಟ್ಟಿಯ ಅಡಿಯ ಅಂತರ 2.8 ಇರಬೇಕು. 5 ಇದ್ದರೆ ತಂತಿ 10.2ಕ್ಕೆ ಏರುತ್ತದೆ, ಆಮೇಲೆ ಸ್ಯಾಡಲ್ ಎಷ್ಟು ಉಜ್ಜಿದರೂ ಎರಡರಲ್ಲಿ ಒಂದು ಕೆಡುತ್ತದೆ. ಫ್ರೆಟ್ ಬಡಿಯುವ ಮೊದಲು ಇದು ಗೊತ್ತಾದರೆ ಫಿಂಗರ್‌ಬೋರ್ಡ್ ಹೆರೆದು ಸರಿ ಮಾಡಬಹುದು. (ಅಂಟಿಸಿ, ತಂತಿ ಹಾಕಿದ ಮೇಲೆ ನೆಕ್ ತುಸು ಮುಂದಕ್ಕೆ ಬಾಗುತ್ತದೆ, ಹಲಗೆ ಉಬ್ಬುತ್ತದೆ. ಅದಕ್ಕೆ ಅರ್ಧ ಮಿಮೀಯಷ್ಟು ಅವಕಾಶ ಬಿಟ್ಟುಕೊಳ್ಳುತ್ತೇನೆ.)

ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 12ರಲ್ಲಿ ಮಂದ್ರದ ತಂತಿಗೆ 1 ಮಿಮೀ ಹೆಚ್ಚು ಬೇಕೆಂದರೆ ಸ್ಯಾಡಲ್‌ನಲ್ಲಿ 2 ಮಿಮೀ ವ್ಯತ್ಯಾಸ, ಸ್ಯಾಡಲ್ ಇಳಿಜಾರಾಗಿ ಕಾಣುತ್ತದೆ. ಫಿಂಗರ್‌ಬೋರ್ಡ್‌ನ ಮಂದ್ರದ ಬದಿಯನ್ನು ದೇಹದ ಕಡೆಗೆ ಹೋದಂತೆ ನಿಧಾನವಾಗಿ ತೆಳುವಾಗಿಸಿ ಹೆರೆದರೆ ಸ್ಯಾಡಲ್ ಬಹುತೇಕ ಸಮತಟ್ಟಾಗಿಯೇ ಉಳಿಯುತ್ತದೆ. ಅದೇ ಬದಿಯಲ್ಲಿ 0.15 ಮಿಮೀ ರಿಲೀಫ್ (ನೆಕ್‌ನ ಉದ್ದಕ್ಕೆ ನಡುವೆ ತುಸು ತಗ್ಗು) ಕೊಡುತ್ತೇನೆ, ತಾರದ ಬದಿ ಹೆಚ್ಚುಕಡಿಮೆ ನೇರ. ತಂತಿಯನ್ನು 1 ಮತ್ತು 12ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 6-7ರ ಬಳಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿದರೆ ಅಳತೆ ಸಿಗುತ್ತದೆ.

ನಟ್‌ಗೆ ಬಂದಾಗ ಅವಸರ ಸಲ್ಲದು. ತೆರೆದ ತಂತಿ 1ನೇ ಫ್ರೆಟ್‌ನಿಂದ ಮೇಲೆ ತಾರದಲ್ಲಿ 0.5, ಮಂದ್ರದಲ್ಲಿ 0.7 ಮಿಮೀ ಬಂದರೆ ನಿಲ್ಲಿಸುತ್ತೇನೆ. ನಟ್‌ನಲ್ಲಿ ತಂತಿ ಕೂರುವ ತೋಡು ಹೆಡ್‌ಸ್ಟಾಕ್ (ಕೀಲಿಗಳಿರುವ ತಲೆ) ಕಡೆಗೆ ಇಳಿಜಾರಾಗಿರಬೇಕು, ಫಿಂಗರ್‌ಬೋರ್ಡ್ ಕಡೆಯ ಅಂಚಿನಲ್ಲೇ ತಂತಿ ಕೂರಬೇಕು. ಇಲ್ಲದಿದ್ದರೆ ಸಿತಾರಿನಂತೆ ಝೇಂಕರಿಸುತ್ತದೆ. ತೋಡು ತೀರ ಆಳವಾದರೆ ಮೂಳೆಯ ಪುಡಿ ತುಂಬಿ ಸೂಪರ್‌ಗ್ಲೂ ಹನಿಸಿ ಮತ್ತೆ ಅರ ಹಾಕಬಹುದು. ನಾನು ಹೊಸ ನಟ್ಟನ್ನೇ ಕೆತ್ತುತ್ತೇನೆ.

ಇಷ್ಟಾದ ಮೇಲೆ ತಂತಿ ಬಿಗಿದು ಕೆಲವು ದಿನ ಬಿಟ್ಟು ಸ್ಯಾಡಲ್. 12ರಲ್ಲಿ 0.5 ಇಳಿಯಬೇಕಿದ್ದರೆ ಸ್ಯಾಡಲ್‌ನಲ್ಲಿ 1 ಮಿಮೀ. ಮೂಳೆಯ ಅಡಿಯಲ್ಲಿ ಪೆನ್ಸಿಲ್ ಗೆರೆ ಎಳೆದು, ಗಾಜಿಗೆ ಅಂಟಿಸಿದ ಸ್ಯಾಂಡ್‌ಪೇಪರ್ ಮೇಲೆ ನೆಟ್ಟಗೆ ಹಿಡಿದು ಉಜ್ಜುತ್ತೇನೆ. ಅಡಿ ದುಂಡಾದರೆ ಒಂದೆರಡು ತಂತಿ ಮಂಕಾಗುತ್ತವೆ, ಆಗ ಬೈಗುಳ ಬೀಳುವುದು ಪಾಪ ತಂತಿಗಳಿಗೆ.

ಕಿರಕಿರಿ ಎಲ್ಲಿ ಅನ್ನುವುದೇ ಕಾರಣ ಹೇಳುತ್ತದೆ. ತೆರೆದ ತಂತಿಯಲ್ಲಿ ಮಾತ್ರ ಇದ್ದರೆ ನಟ್. ನಟ್ ಬಳಿಯ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಇದ್ದರೆ ರಿಲೀಫ್ ಸಾಲದು. ಒಂದೇ ಸ್ವರದಲ್ಲಿ ಇದ್ದರೆ ಅದರ ಮುಂದಿನ ಫ್ರೆಟ್ ಎದ್ದಿದೆ. 8-10ರಲ್ಲಿ ಇದ್ದರೆ ನೆಕ್ ದೇಹಕ್ಕೆ ಸೇರುವಲ್ಲಿ ಉಬ್ಬು ಬಂದಿರುವ ಸಂಭವ ಹೆಚ್ಚು. ಫ್ಲಮೆಂಕೊದಲ್ಲಿ ಬಲವಾಗಿ ಹೊಡೆದಾಗ ಮಂದ್ರದಲ್ಲಿ ಸ್ವಲ್ಪ ಗರಗರ ಇರಲಿ, ಮೆಲ್ಲಗೆ ಮೀಟಿದಾಗಲೂ ಬಂದರೆ ತಗ್ಗು ಅತಿಯಾಯಿತು.

ಆರ್ದ್ರತೆ 45ರಿಂದ 55 ಶೇಕಡಾ ಇರುವಾಗಲೇ ಕೊನೆಯ ಅಳತೆ. ಗಾಳಿ ತೇವವಾದರೆ ಹಲಗೆ ಉಬ್ಬಿ ಆ್ಯಕ್ಷನ್ ಏರುತ್ತದೆ, ಒಣಗಿದರೆ ಇಳಿಯುತ್ತದೆ. ತೇವದ ಕಾಲದಲ್ಲಿ ಉಜ್ಜಿದ ಸ್ಯಾಡಲ್ ಒಣಹವೆಯಲ್ಲಿ ಗಿಡ್ಡವಾಗಿಬಿಡುತ್ತದೆ, ಹಾಗಾಗಿ ಅರ್ಧ ಮಿಮೀ ಹೆಚ್ಚು ಎತ್ತರದ ಎರಡನೇ ಸ್ಯಾಡಲ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಡುತ್ತೇನೆ. ಬ್ರಿಜ್ ಮೇಲೆ ಮೂಳೆ 1 ಮಿಮೀಗಿಂತ ಕಡಿಮೆ ಉಳಿಯುವಂತಿದ್ದರೆ ಉಜ್ಜುವುದನ್ನು ಬಿಟ್ಟು ಫ್ರೆಟ್ ಕಿತ್ತು ಫಿಂಗರ್‌ಬೋರ್ಡನ್ನೇ ಸರಿಪಡಿಸಬೇಕು.