ಅಮೆರಿಕದ ಹೈಸ್ಕೂಲಿಗೂ ಒಂದು ರಿಪೋರ್ಟ್ ಕಾರ್ಡ್ ಇದೆ

ಮನೆ ಕೊಳ್ಳುವ ಮಾತು ಬಂತೆಂದರೆ ನಮ್ಮವರ ಮೊದಲ ಪ್ರಶ್ನೆ, ‘ಸ್ಕೂಲ್ ರೇಟಿಂಗ್ ಎಷ್ಟು?’ ಹತ್ತಕ್ಕೆ ಒಂಬತ್ತು ಅಂದರೆ ಮುಗೀತು. ಆ ಅಂಕ ಹೆಚ್ಚಾಗಿ ಯಾವುದೋ ಖಾಸಗಿ ವೆಬ್‌ಸೈಟಿನದು. ಕಾನೂನಿನ ಪ್ರಕಾರ ಬರುವ ರಿಪೋರ್ಟ್ ಕಾರ್ಡ್ ಬೇರೆಯೇ ಇದೆ. ಓದಬೇಕಾದ್ದು ಅದನ್ನು.

2015ರ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆ್ಯಕ್ಟ್’ ಎಂಬ ಕೇಂದ್ರ ಕಾನೂನಿನ ಪ್ರಕಾರ ಪ್ರತಿ ರಾಜ್ಯ, ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ವರ್ಷಕ್ಕೊಮ್ಮೆ ಇದನ್ನು ಪ್ರಕಟಿಸಲೇಬೇಕು. ನಿಮ್ಮ ವಿಳಾಸ ಯಾವ ಡಿಸ್ಟ್ರಿಕ್ಟಿಗೆ ಸೇರುತ್ತದೆ ಅಂತ ಮೊದಲು ನೋಡಿಕೊಳ್ಳಿ. ಟೆಕ್ಸಸ್‌ನ ಫ್ರಿಸ್ಕೋ ಒಂದೇ ಊರು ನಾಲ್ಕು ಡಿಸ್ಟ್ರಿಕ್ಟ್‌ಗಳಲ್ಲಿ ಹಂಚಿಹೋಗಿದೆ. ರಾಜ್ಯದಿಂದ ರಾಜ್ಯಕ್ಕೆ ರೂಪವೂ ಬೇರೆ: ಟೆಕ್ಸಸ್ ಶಾಲೆಗಳಿಗೆ ಎ ಇಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ, ಕ್ಯಾಲಿಫೋರ್ನಿಯಾ ಕೆಂಪಿನಿಂದ ನೀಲಿವರೆಗೆ ಐದು ಬಣ್ಣ ತೋರಿಸುತ್ತದೆ.

ಸರಾಸರಿ ನೋಡಿ ಸುಮ್ನಾಗಬೇಡಿ. ಬಡ ಮನೆಯ ಮಕ್ಕಳು, ಅಂಗವೈಕಲ್ಯ ಇರುವವರು, ಇಂಗ್ಲಿಷ್ ಕಲಿಯುತ್ತಿರುವವರು, ಹೀಗೆ ಒಂದೊಂದು ಗುಂಪಿನ ಫಲಿತಾಂಶವನ್ನೂ ಬಿಡಿಸಿ ತೋರಿಸಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಮಕ್ಕಳು ಸಾಮಾನ್ಯವಾಗಿ ‘ಏಷ್ಯನ್’ ಸಾಲಿನಲ್ಲಿ ಚೀನಾ, ವಿಯೆಟ್ನಾಂ ಮೂಲದವರ ಜೊತೆ ಸೇರಿಹೋಗುತ್ತಾರೆ. ಅಂಕಿ ಇರಬೇಕಾದ ಕಡೆ ನಕ್ಷತ್ರದ ಗುರುತು ಕಂಡರೆ ಗಾಬರಿ ಬೇಡ. ಗುಂಪು ತೀರಾ ಚಿಕ್ಕದಿದ್ದರೆ ಯಾರ ಅಂಕ ಅಂತ ಗೊತ್ತಾಗಿಬಿಡುತ್ತದಲ್ವಾ, ಅದಕ್ಕೇ ಮುಚ್ಚಿಡುತ್ತಾರೆ.

ನನ್ನ ಪ್ರಕಾರ ಮುಖ್ಯವಾದ ಅಂಕಿ ಗ್ರ್ಯಾಜುಯೇಷನ್ ದರ, ಅಂದರೆ ಹೈಸ್ಕೂಲ್ ಮುಗಿಸಿದವರ ಪ್ರಮಾಣ. ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಪರೀಕ್ಷೆ ಬರೆದವರಷ್ಟೇ ಲೆಕ್ಕಕ್ಕೆ ಬರುತ್ತಾರೆ, ಎಂಟನೇ ತರಗತಿಗೇ ಶಾಲೆ ಬಿಟ್ಟ ಹುಡುಗ ಬರುವುದಿಲ್ಲ. ಇಲ್ಲಿ ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು. ಅಲ್ಲಿ ಸೇರಿದ 100 ಮಕ್ಕಳಲ್ಲಿ ನಾಲ್ಕು ವರ್ಷದಲ್ಲಿ 88 ಮಂದಿ ಡಿಪ್ಲೊಮಾ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಪಡೆದರೆ ದರ ಶೇ. 88. ನಡುವೆ ಓದು ಬಿಟ್ಟವರೂ ಆ ನೂರರಲ್ಲೇ ಉಳಿಯುತ್ತಾರೆ. ಆಮೇಲೆ ಜಿಇಡಿ (ಹೈಸ್ಕೂಲ್ ಮುಗಿಸದವರು ಬರೆಯುವ ಸಮಾನಾಂತರ ಪರೀಕ್ಷೆ) ಕಟ್ಟಿ ಪಾಸಾದರೂ ಅದು ಡಿಪ್ಲೊಮಾ ಅನ್ನಿಸಿಕೊಳ್ಳುವುದಿಲ್ಲ. ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಡಿಪ್ಲೊಮಾ ಪಡೆಯದ ಶಾಲೆಯನ್ನು ಸುಧಾರಣೆಯ ಪಟ್ಟಿಗೆ ಸೇರಿಸುವುದು ರಾಜ್ಯದ ಹೊಣೆ.

ಬೇರೆ ಶಾಲೆಗೆ ಹೋದವರನ್ನು, ದೇಶ ಬಿಟ್ಟವರನ್ನು ಈ ಲೆಕ್ಕದಿಂದ ತೆಗೆಯಬಹುದು, ಆದರೆ ಬರವಣಿಗೆಯ ದಾಖಲೆ ಬೇಕು. ಹತ್ತನೇ ತರಗತಿಯ ನಡುವೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೊರಟವರು ಶಾಲೆಯ ಆಫೀಸಿಗೆ ತಿಳಿಸದಿದ್ದರೆ ಮಗು ಅಲ್ಲಿ ಓದು ಬಿಟ್ಟವರ ಲೆಕ್ಕಕ್ಕೆ ಸೇರಬಹುದು. ಒಂದು ಇಮೇಲ್ ಸಾಕು. ಫೋನ್ ಮಾಡಿ ಹೇಳಿದರೂ ಆಯ್ತು, ಅವರೇ ಬರೆದು ಫೈಲಿಗೆ ಹಾಕಿಕೊಳ್ಳಬಹುದು.