ಮಗುವಿನ ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು?

ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳ, ಅಟ್ಟದ ಏಣಿ, ಗೇರುಮರ, ಘಟ್ಟದ ತಿರುವಿನಲ್ಲಿ ಅಪ್ಪನ ಬೈಕು. ಶಿರಸಿಯಿಂದ ಕಾರವಾರದವರೆಗೆ ಮಕ್ಕಳಿರುವ ಮನೆಗಳಿಗೆ ಈ ಭಯ ಗೊತ್ತು. ಪ್ರಪಂಚದಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಜಾಸ್ತಿ ಮಕ್ಕಳ ಮೆದುಳಿಗೆ ಪೆಟ್ಟಾಗುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಅಂದಾಜು. ಬೀಳುವುದು ಮತ್ತು ರಸ್ತೆ ಅಪಘಾತ, ಇವೆರಡೇ ದೊಡ್ಡ ಕಾರಣ. ಹೆಚ್ಚಿನ ಪೆಟ್ಟುಗಳು ಸೌಮ್ಯವೇ. ಸೌಮ್ಯವಲ್ಲದ್ದನ್ನು ಬೇಗ ಗುರುತಿಸಬೇಕು, ಅಷ್ಟೆ.

ಮೊದಲು, ಬಿದ್ದ ಮಗುವನ್ನು ಗಾಬರಿಯಲ್ಲಿ ಎತ್ತಿ ಅಲುಗಾಡಿಸಬೇಡಿ. ಎತ್ತರದಿಂದ ಬಿದ್ದಿದ್ದರೆ ಅಥವಾ ಗಾಡಿ ಬಡಿದಿದ್ದರೆ ಕುತ್ತಿಗೆಗೂ ಪೆಟ್ಟಾಗಿರಬಹುದು. ತಲೆ, ಕುತ್ತಿಗೆ ಅಲ್ಲಾಡದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯದೊಳಗೆ ಮೂಳೆ ತಗ್ಗಾದಂತೆ ಕಂಡರೆ ಒತ್ತಬೇಡಿ, ಬಟ್ಟೆ ಮುಚ್ಚಿದರೆ ಸಾಕು. ಕಾಫಿ ಪುಡಿ, ಅರಿಶಿನ ಯಾವುದೂ ಬೇಡ.

ಸಣ್ಣ ಪೆಟ್ಟಾದರೆ ಬುಗುಟಿಗೆ ತಣ್ಣೀರ ಬಟ್ಟೆ ಇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಕೊಡಲೇಬಾರದು. ಆಮೇಲೆ ಎರಡು ದಿನ ಕಣ್ಣಿಟ್ಟಿರಬೇಕು. ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡರೆ ಗಂಟೆಗಟ್ಟಲೆ ತಡವಾಗಿ ಲಕ್ಷಣ ಕಾಣುತ್ತದೆ. ಆಟವಾಡುತ್ತಿದ್ದ ಮಗುವೇ ಸಂಜೆಗೆ ಮಂಕಾಗಬಹುದು. 'ನಿದ್ದೆ ಮಾಡಿಸಲೇಬಾರದು' ಎಂದು ಅಜ್ಜಿಯಂದಿರು ಹೇಳುತ್ತಾರಲ್ವಾ? ಮಲಗಬಹುದು. ಆದರೆ ಮೊದಲ ರಾತ್ರಿ ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಿ ನೋಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ.

ಪ್ರಜ್ಞೆ ತಪ್ಪುವುದು, ಒಂದಕ್ಕಿಂತ ಹೆಚ್ಚು ಸಲ ವಾಂತಿ, ಫಿಟ್ಸ್, ಏರುತ್ತಲೇ ಇರುವ ತಲೆನೋವು, ತೊದಲು ಮಾತು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರದಲ್ಲಿರುವುದು, ಕಿವಿ ಮೂಗಿನಿಂದ ನೀರಿನಂಥ ದ್ರವ ಅಥವಾ ರಕ್ತ. ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ. ವರ್ಷ ತುಂಬದ ಕೂಸಿಗಾದರೆ ಲಕ್ಷಣ ಕಾಯದೆ ತೋರಿಸಿಬಿಡಿ.

'ಬೆಳಗಾಗಲಿ, ನೋಡೋಣ' ಎನ್ನುವ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತುಂಬ ದುಬಾರಿ. ಮೆದುಳಿನ ಶಸ್ತ್ರಚಿಕಿತ್ಸೆ ಎಂದರೆ ಇಲ್ಲಿಯವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ದಾರಿ ಹಿಡಿಯುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿ.ಮೀ. ನಮ್ಮ ಜಿಲ್ಲೆಗೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ದನಿ ಎತ್ತಿದ್ದು ಸುಮ್ನೆ ಅಲ್ಲ. ಹಾಗಾಗಿ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಉಸಿರಾಟ ಸರಿಯಿದೆಯೇ ನೋಡಿಸಿ. ಸಿ.ಟಿ. ಸ್ಕ್ಯಾನ್ ಎಲ್ಲಿ ಆಗುತ್ತದೆ, ಮುಂದೆ ಎಲ್ಲಿಗೆ ಒಯ್ಯಬೇಕು ಎಂದು ಅಲ್ಲೇ ಕೇಳಿ.

ಬೈಕಿನಲ್ಲಿ ಕೂರಿಸುವ ಮಗುವಿಗೂ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಬೆಲ್ಟ್, ಗಂಟೆಗೆ 40 ಕಿ.ಮೀ. ಮೀರದ ವೇಗ, ಇವು ಕಡ್ಡಾಯ. 2022ರಲ್ಲಿ ಹೊರಟ ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಗುಣವಾಗುತ್ತಿರುವ ಮಗುವನ್ನು ಒಮ್ಮೆಲೇ ಶಾಲೆಗೆ ದೂಡಬೇಡಿ. ಒಂದೆರಡು ದಿನದ ವಿಶ್ರಾಂತಿಯ ಮೇಲೆ ಓದು, ಆಮೇಲೆ ಶಾಲೆ. ಕಬಡ್ಡಿ, ಸೈಕಲ್ ಎಲ್ಲ ವೈದ್ಯರು ಹೂಂ ಅಂದ ಮೇಲೆ. ಮಾಸ್ತರಿಗೋ ಅಕ್ಕೋರಿಗೋ ಒಂದು ಮಾತು ಹೇಳಿಡಿ. ನಾಲ್ಕು ವಾರವಾದರೂ ತಲೆನೋವು, ಮರೆವು, ಸಿಡುಕು ಹೋಗದಿದ್ದರೆ ಮತ್ತೆ ತೋರಿಸಿ.