ಮೆಣಸಿನ ಎಲೆಯ ವೈರಸ್ಸನ್ನು ಕ್ಯಾಸ್13 ಹಿಡಿದ ಬಗೆ

ಬ್ಯಾಡಗಿ ಕಡೆಯ ಹೊಲಗಳಿಂದ ಐಸ್ ಡಬ್ಬಿಯಲ್ಲಿ ಧಾರವಾಡಕ್ಕೆ ಬರುವ ಮೆಣಸಿನ ಎಲೆಗಳಲ್ಲಿ ಸೌತೆ ಮೊಸಾಯಿಕ್ ವೈರಸ್ ಇದೆಯೇ ಎಂದು ನೋಡುವುದು ನನ್ನ ಕೆಲಸ. ಈ ವೈರಸ್ಸಿನ ಜೀನೋಮ್ ಆರ್‌ಎನ್‌ಎ. ಬ್ಯಾಕ್ಟೀರಿಯಾಗಳು ದಾಳಿಕೋರರ ವಿರುದ್ಧ ಬಳಸುವ ಕತ್ತರಿ ಪ್ರೋಟೀನುಗಳಲ್ಲಿ ಹೆಸರುವಾಸಿಯಾದ ಕ್ಯಾಸ್9 ಕತ್ತರಿಸುವುದು ಡಿಎನ್‌ಎಯನ್ನು, ಹಾಗಾಗಿ ಆರ್‌ಎನ್‌ಎಯನ್ನೇ ಹಿಡಿಯುವ ಕ್ಯಾಸ್13 ಆರಿಸಿಕೊಂಡೆ.

ವೈರಸ್ಸಿನ ಕೋಟ್ ಪ್ರೋಟೀನ್ (ಹೊರಕವಚದ ಪ್ರೋಟೀನ್) ಜೀನಿನಲ್ಲಿ ಹೆಚ್ಚು ಬದಲಾಗದ ಜಾಗ ಹುಡುಕಿ, ಅದಕ್ಕೆ ಜೋಡಿಯಾಗಿ ಕ್ಯಾಸ್13ಕ್ಕೆ ಗುರಿ ತೋರಿಸುವ 28 ಅಕ್ಷರಗಳ ಗೈಡ್ ಆರ್‌ಎನ್‌ಎ ಮಾಡಿಸಿದೆ. ಬ್ಯಾಕ್ಟೀರಿಯಾದೊಳಗೆ ಇಂಥ ಗೈಡುಗಳು ಹುಟ್ಟುವುದು ಅದರ ಡಿಎನ್‌ಎಯ ಕ್ರಿಸ್ಪರ್ ಎಂಬ ಸಾಲಿನಲ್ಲಿ ಕೂಡಿಟ್ಟ ಹಳೆಯ ದಾಳಿಕೋರರ ತುಣುಕುಗಳಿಂದ. ಗೈಡಿನ ನಡುಭಾಗ ಸರಿಯಾಗಿ ಕೂಡಲೇಬೇಕು. ಪರೀಕ್ಷೆಗೆಂದೇ ನಡುವೆ ಎರಡು ಅಕ್ಷರ ಬದಲಿಸಿದ ಗೈಡ್ ಹಾಕಿದಾಗ, ವೈರಸ್ ಸಿಕ್ಕರೆ ಹೊಳೆಯಬೇಕಾದ ಟ್ಯೂಬ್ ಬೆಳಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಹಂತ. ಗೈಡ್ ಗುರಿಗೆ ಕೂಡಿತೆಂದರೆ ಕ್ಯಾಸ್13ರ ಎರಡು ಭಾಗಗಳು ಹತ್ತಿರ ಸರಿದು ಪ್ರೋಟೀನಿನ ಹೊರಮೈ ಮೇಲೆ ಕತ್ತರಿ ಸಿದ್ಧವಾಗುತ್ತದೆ. ಹೊರಗಿದ್ದುದರಿಂದ ಅದಕ್ಕೆ ಸಿಕ್ಕ ಆರ್‌ಎನ್‌ಎಯೆಲ್ಲ ತುಂಡು. ಟ್ಯೂಬಿಗೆ ನಾನು ಹಾಕಿದ ರಿಪೋರ್ಟರ್, ಅಂದರೆ ಸುಳಿವು ಕೊಡುವ ಅಣು, ಯುರಿಡಿನ್ ಎಂಬ ಆರ್‌ಎನ್‌ಎ ಅಕ್ಷರದ ಸಣ್ಣ ಎಳೆ. ಒಂದು ತುದಿಗೆ ಹೊಳೆಯುವ ಬಣ್ಣ, ಇನ್ನೊಂದಕ್ಕೆ ಆ ಹೊಳಪನ್ನು ಅಡಗಿಸುವ ಅಣು. ವೈರಸ್ಸಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ 37 ಡಿಗ್ರಿಯಲ್ಲಿ ಎಳೆ ತುಂಡಾಗಿ, ಪರದೆಯ ಮೇಲೆ ಹಸಿರು ಗೆರೆ ಏರುತ್ತ ಹೋಯಿತು.

ಜೀವಕೋಶದೊಳಗೆ ಇದರ ಬೆಲೆ ದೊಡ್ಡದು. ಸ್ವಂತ ಆರ್‌ಎನ್‌ಎಗಳೂ ಕತ್ತರಿಗೆ ಸಿಕ್ಕು ಬ್ಯಾಕ್ಟೀರಿಯಾ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ. ಅದು ಮಲಗಿದರೆ ಅದರೊಳಗೆ ನುಗ್ಗಿದ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಕೂಡ ಮರಿ ಹಾಕಲಾರದು, ಅಕ್ಕಪಕ್ಕದ ಕೋಶಗಳು ಉಳಿಯುತ್ತವೆ. 2019ರಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಲ್ಲಿ ವಿಜ್ಞಾನಿಗಳಾದ ಮೀಸ್ಕೆ, ಮರಾಫಿನಿ ಬಳಗ ತೋರಿಸಿದ್ದು ಇದನ್ನೇ. ಇಷ್ಟು ಅಪಾಯದ ಕತ್ತರಿಗೆ ತಡೆಯೂ ಇದೆ: ಗುರಿಯ ಪಕ್ಕದ ಅಕ್ಷರಗಳು ಗೈಡಿನ ರಿಪೀಟ್ ಭಾಗಕ್ಕೂ (ಕ್ರಿಸ್ಪರ್ ಸಾಲಿನಲ್ಲಿ ತುಣುಕುಗಳ ನಡುವೆ ಮತ್ತೆ ಮತ್ತೆ ಬರುವ ಭಾಗ) ಜೋಡಿಯಾದರೆ, ಅದು ತನ್ನದೇ ಕ್ರಿಸ್ಪರ್ ಸಾಲಿನಿಂದ ಬಂದದ್ದೆಂದು ಕ್ಯಾಸ್13 ಏಳುವುದಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು. ಹಸಿರು ಬಂತೆಂದರೆ ರಿಪೋರ್ಟರ್ ತುಂಡಾಗಿದೆ ಎಂದಷ್ಟೇ ಅರ್ಥ, ತುಂಡು ಮಾಡಿದ್ದು ಯಾರು ಎಂಬುದು ಅದರಿಂದ ಗೊತ್ತಾಗದು. ಬೆರಳಿನ ಬೆವರಲ್ಲಿರುವ ಕಿಣ್ವವೂ ಆರ್‌ಎನ್‌ಎ ಕಡಿಯುತ್ತದೆ, ಎಲೆರಸದ್ದೂ ಅಷ್ಟೇ. ಕೈಗವಸು ಬಿಚ್ಚಬೇಡಿ, ಪ್ರತಿ ಎಲೆಯ ಜೊತೆ ಗೈಡ್ ಇಲ್ಲದ ಟ್ಯೂಬ್ ಇಡಿ. ಅದೂ ಹಸಿರಾದರೆ ಆ ಫಲಿತಾಂಶ ನಂಬಬೇಡಿ.

"ಸರ, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಎಂದು ಎಲೆ ಕೊಟ್ಟ ರೈತರು ಕೇಳುತ್ತಾರೆ. ವೈರಸ್ಸಿಗೆ ಎಣ್ಣಿ ಇಲ್ಲ, ಸೋಂಕಿನ ಗಿಡ ಬೇಗ ಕೀಳಬೇಕು, ಹರಡುವ ಸಸ್ಯಹೇನನ್ನು ತಡೆಯಬೇಕು. ಅದಕ್ಕೇ ಈಗ ನಾಟಿಗೆ ಮೊದಲೇ ಸಸಿಮಡಿಯ ಎಲೆ ತರಿಸುತ್ತಿದ್ದೇನೆ. ಎಳೆ ಸಸಿಯಲ್ಲಿ ವೈರಸ್ ಕಡಿಮೆ ಇರಬಹುದು, ಹಾಗಾಗಿ ಕ್ಯಾಸ್13 ಹಾಕುವ ಮುಂಚೆ ಅದರ ಆರ್‌ಎನ್‌ಎ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತೇನೆ.